ಅಂಗಾಲಿಗೆ ಹರಳೆಣ್ಣೆ

ನಮ್ಮ ಲ್ಯಾಬಿನಲ್ಲಿ ಮುರಿಯುವುದೇ ಕೆಲಸ. ಕಾರ್ಬನ್ ನೂಲಿನ ಬಟ್ಟೆಯನ್ನು ಪದರದ ಮೇಲೆ ಪದರ ಹಾಸಿ, ಓವನ್ನಿನಲ್ಲಿ ಬೇಯಿಸಿ, ಕಲ್ಲಿನಂತಾದ ಮೇಲೆ ಯಂತ್ರಕ್ಕೆ ಸಿಕ್ಕಿಸಿ ಎರಡೂ ಕಡೆಯಿಂದ ಎಳೆದು ಮುರಿಯುತ್ತಿದ್ದೆವು. ವಿಮಾನದ ಮೈಗೆ ಪೆಟ್ಟು ಬಿದ್ದಾಗ ಬೋಲ್ಟು ಹೊಡೆಯದೆ, ಬರೀ ಅಂಟಿನಿಂದ ತೇಪೆ ಹಾಕಿದರೆ ನಿಲ್ಲುತ್ತದೆಯೇ ಎಂದು ಕಂಡುಕೊಳ್ಳುವುದು ನಮ್ಮ ಸಂಶೋಧನೆ. ತೇಪೆ ಗಟ್ಟಿಯಾಗಿದ್ದರೆ ಪ್ಯಾನೆಲ್ ಮುರಿದಾಗ ನೂಲೇ ಹರಿದು ಚಿಂದಿಯಾಗಿರಬೇಕು, ಅಂಟು ಮಾತ್ರ ಬಿಟ್ಟಿರಬಾರದು. ಆ ವರ್ಷ ಅಕ್ಟೋಬರಿನಲ್ಲಿ ಅಂಟು ಬಿಡತೊಡಗಿತು. ಬಾಳೆಹಣ್ಣಿನ ಸಿಪ್ಪೆ ಸುಲಿದಷ್ಟು ಸಲೀಸಾಗಿ ತೇಪೆ ಇಡಿಯಾಗಿ ಎದ್ದು ಬರುತ್ತಿತ್ತು, ಕೆಳಗಿನ ಮೈ ನುಣ್ಣಗೆ ಹೊಳೆಯುತ್ತಿತ್ತು.

ಅಮೆರಿಕದ ಪಶ್ಚಿಮ ಕರಾವಳಿಯ ಮುಕಿಲ್ಟಿಯೊ ಎಂಬ ಊರಿನ ಗುಡ್ಡದ ಮೇಲಿದ್ದ ಸಣ್ಣ ಕಂಪನಿ ಅದು. ಕಿಟಕಿಯಿಂದ ಸಮುದ್ರದಲ್ಲಿ ಫೆರ್ರಿ ದೋಣಿ ಹೋಗಿಬರುವುದು ಕಾಣುತ್ತದೆ ಎಂದು ಇಂಟರ್‌ವ್ಯೂ ದಿನ ಆಸೆ ಹುಟ್ಟಿಸಿದ್ದರು. ಬೇಸಿಗೆ ಬಿಟ್ಟರೆ ನನಗೆ ಕಂಡದ್ದು ಮಂಜು ಮಾತ್ರ. ನನ್ನದು ರಸಾಯನದ ವಿಭಾಗ, ಪ್ಯಾನೆಲ್ಲಿನ ಮೈ ಮೇಲೆ ಕಣ್ಣಿಗೆ ಕಾಣದಂತೆ ಏನು ಕೂತಿದೆ ಎಂದು ಪತ್ತೆ ಹಚ್ಚುವ ಕೆಲಸ. ತೇಪೆ ಹಾಕುವುದು ಸರ್ ಅವರ ಕೆಲಸ. ಆಫೀಸಿನಲ್ಲಿ ನಿನ್ನೆ ಮೊನ್ನೆ ಸೇರಿದ ಹುಡುಗರೂ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದರು. ನನ್ನ ಬಾಯಿಗೆ ಅದು ಬರಲೇ ಇಲ್ಲ, ಮೊದಲ ದಿನದಿಂದಲೂ ಸರ್ ಎಂದೇ ಕರೆದೆ. ಅವರು ತುಮಕೂರು ಜಿಲ್ಲೆಯವರು, ಎಪ್ಪತ್ತರ ದಶಕದ ಕೊನೆಯಲ್ಲಿ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದು, ವಿಮಾನದ ಕೆಲಸಕ್ಕೆ ಸೇರಿ, ಇಲ್ಲೇ ತಲೆ ನರೆಸಿಕೊಂಡವರು.

ಅವರ ಕೈ ದೊಡ್ಡದು. ತೇಪೆಯನ್ನು ಕೂರಿಸುವಾಗ ಅಂಗೈಯಿಂದ ಮೊಣಕೈವರೆಗಿನ ಭಾರ ಹಾಕಿ ಒತ್ತಿ, ಒಳಗಿನ ಗಾಳಿಯನ್ನು ಅಂಚಿಗೆ ತಳ್ಳುತ್ತಿದ್ದರು. ಅದಕ್ಕೆಂದೇ ರೋಲರುಗಳಿದ್ದವು, ಅವರು ಅವನ್ನು ಮುಟ್ಟುತ್ತಿರಲಿಲ್ಲ. "ರೋಲರ್‌ಗೆ ಏನಮ್ಮಾ ಗೊತ್ತಾಗತ್ತೆ? ಕೈಗೆ ಗೊತ್ತಾಗತ್ತೆ," ಎನ್ನುತ್ತಿದ್ದರು. ಅಹಂಕಾರ ಅಂದರೆ ಅಹಂಕಾರವೇ. ಆದರೆ ಅವರು ಕೂರಿಸಿದ ತೇಪೆಯಷ್ಟು ಚೆನ್ನಾಗಿ ಬೇರೆ ಯಾರದೂ ಕೂರುತ್ತಿರಲಿಲ್ಲವಾದ್ದರಿಂದ ಎಲ್ಲರೂ ಸುಮ್ಮನಿದ್ದರು.

ಅವರ ಹೆಂಡತಿಗೆ, ನನ್ನ ಪಾಲಿನ ಆಂಟಿಗೆ, ಹಿಂದಿನ ವರ್ಷ ಕ್ಯಾನ್ಸರ್ ಎಂದು ತಿಳಿದಿತ್ತು. ಸರ್‌ಗೆ ಆಗಷ್ಟೇ ಅರವತ್ತು ತುಂಬಿತ್ತು, ಸರಕಾರದ ವಿಮೆ ಸಿಗುವ ವಯಸ್ಸಿಗೆ ಗಂಡ ಹೆಂಡತಿ ಇಬ್ಬರೂ ಇನ್ನೂ ಬಂದಿರಲಿಲ್ಲ. ಆಂಟಿಯ ಚಿಕಿತ್ಸೆಯೆಲ್ಲ ನಡೆಯುತ್ತಿದ್ದುದು ಸರ್ ಕೆಲಸದ ಇನ್ಶೂರೆನ್ಸಿನ ಮೇಲೆ. ಈ ದೇಶದಲ್ಲಿ ಕೆಲಸ ಹೋದರೆ ಅನ್ನಕ್ಕಿಂತ ಮೊದಲು ಔಷಧಿ ಹೋಗುತ್ತದೆ. ಇದನ್ನು ನೆನೆದಾಗ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅಂಟು ಬಿಟ್ಟ ಸುದ್ದಿ ನಮ್ಮ ಕಂಪನಿಗೆ ಈ ಸಂಶೋಧನೆಯ ಕೆಲಸ ಕೊಟ್ಟವರಿಗೆ ತಲುಪಿತು. ಫೆಬ್ರವರಿಯಲ್ಲಿ ಅವರ ಎದುರಿಗೇ ಇನ್ನೊಮ್ಮೆ ಪರೀಕ್ಷೆ ಮಾಡಿ ತೋರಿಸಬೇಕು, ಆಗಲೂ ಬಿಟ್ಟರೆ ಪ್ರಾಜೆಕ್ಟ್ ಮುಚ್ಚುತ್ತೇವೆ ಎಂದರು. ಪ್ರಾಜೆಕ್ಟ್ ಮುಚ್ಚಿದರೆ ಮೊದಲು ಮನೆಗೆ ಹೋಗುವವರು ಸರ್ ಎಂದು ಎಲ್ಲರಿಗೂ ಗೊತ್ತಿತ್ತು.

ನಮ್ಮ ಮ್ಯಾನೇಜರ್ ಒಳ್ಳೆಯ ಮನುಷ್ಯ, ಗಾಬರಿಯಾದರೆ ಮಾತ್ರ ಪೊಲೀಸಿನವನಾಗುತ್ತಿದ್ದ. ಎಲ್ಲರ ಬ್ಯಾಗಿನಲ್ಲಿದ್ದ ಕೈಗೆ ಹಚ್ಚುವ ಕ್ರೀಮು, ತುಟಿಗೆ ಹಚ್ಚುವ ಮುಲಾಮು, ತಲೆಗೆ ಹಾಕುವ ಜೆಲ್ ಎಲ್ಲವನ್ನೂ ತಂದು ನನ್ನ ಮೇಜಿನ ಮೇಲೆ ಗುಡ್ಡೆ ಹಾಕಿದ. ತೇಪೆ ಹಾಕುವ ಕೋಣೆಗೆ ಇಂಥವನ್ನು ಹಚ್ಚಿಕೊಂಡು ಹೋಗಬಾರದು ಎಂಬುದು ಹಳೆಯ ನಿಯಮ. ಬೆರಳಿನ ಜಿಡ್ಡು ಸೋಕಿದರೂ ಅಂಟು ಹಿಡಿಯುವುದಿಲ್ಲ. ಒಂದು ವಾರ ನಾನು ಫ್ಯಾನ್ಸಿ ಸ್ಟೋರ್ ಇಟ್ಟವಳ ಹಾಗೆ ಕೂತು ಒಂದೊಂದನ್ನೇ ಪರೀಕ್ಷಿಸಿದೆ. ಯಾವುದೂ ತಾಳೆಯಾಗಲಿಲ್ಲ. ಕೊನೆಗೆ ಬಿಟ್ಟುಹೋದ ತೇಪೆಯ ಮೈಯನ್ನೇ ದ್ರಾವಣದಲ್ಲಿ ಒರೆಸಿ ತೆಗೆದು ಬೇರೆ ಯಂತ್ರಕ್ಕೆ ಹಾಕಿದೆ. ಬೇರೆ ಎಣ್ಣೆಗಳಲ್ಲಿ ಕಾಣುವುದೇ ಅಪರೂಪವಾದ ಒಂದು ಆಮ್ಲದ ಗೆರೆ ಪರದೆಯ ಮೇಲೆ ಎದ್ದು ನಿಂತಿತು. ಹರಳೆಣ್ಣೆ.

ಯಂತ್ರಕ್ಕೆ ಹಾಕುವ ಗ್ರೀಸಿನಿಂದ ಬಂದಿರಬೇಕು, ಲಿಪ್‌ಸ್ಟಿಕ್ಕಿನಲ್ಲೂ ಇರುತ್ತದಂತೆ ಎಂದು ಅಮೆರಿಕದವರೆಲ್ಲ ಚರ್ಚೆ ಮಾಡಿದರು. ಆ ಕೋಣೆಗೆ ಹೋಗುವವರಲ್ಲಿ ಲಿಪ್‌ಸ್ಟಿಕ್ ಹಚ್ಚುವವರು ಯಾರೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಹರಳೆಣ್ಣೆಯನ್ನು ಎಲ್ಲಿಗೆ ಹಚ್ಚುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೆತ್ತಿಗೆ, ಇಲ್ಲವೇ ಅಂಗಾಲಿಗೆ.

ಶನಿವಾರ ಬೆಳಿಗ್ಗೆ ಎಜುಕೇಶನ್ ಹಿಲ್‌ನ ನಮ್ಮ ಮನೆಯಿಂದ ಓವರ್‌ಲೇಕ್‌ನ ಸರ್ ಮನೆಗೆ ಹೋದೆ. ಕೀಮೋ ಆದ ಮೇಲೆ ಆಂಟಿಗೆ ಹುಳಿ ಒಂದೇ ರುಚಿಸುತ್ತಿದ್ದುದರಿಂದ ನಿಂಬೆಹಣ್ಣಿನ ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಬಾಗಿಲು ಹಾಕಿರಲಿಲ್ಲ. ಆಂಟಿ ಸೋಫಾದ ಮೇಲೆ ಒರಗಿದ್ದರು. ಸರ್ ನೆಲದ ಮೇಲೆ ಕೂತು, ತೊಡೆಯ ಮೇಲೆ ಹಳೇ ಟವೆಲ್ ಹಾಸಿ, ಅದರ ಮೇಲೆ ಹೆಂಡತಿಯ ಪಾದ ಇಟ್ಟುಕೊಂಡಿದ್ದರು. ಒತ್ತುತ್ತಿದ್ದ ರೀತಿ ನನಗೆ ಚೆನ್ನಾಗಿ ಗೊತ್ತಿದ್ದದ್ದೇ. ಮೊಣಕೈವರೆಗೆ ಎಣ್ಣೆ ಮಿರಿಮಿರಿ ಎನ್ನುತ್ತಿತ್ತು.

"ಬಾಮ್ಮ, ಕೂತ್ಕೋ," ಎಂದರು ಆಂಟಿ. "ಕೀಮೋ ಇಂದ ಅಂಗಾಲು ಒಂದೇ ಸಮ ಉರೀತದೆ. ಕೆಂಡದ ಮೇಲೆ ನಿಂತಂಗೆ. ಡಾಕ್ಟ್ರು ಅದೇನೋ ಮಾತ್ರೆ ಕೊಟ್ಟವ್ರೆ, ಏನೂ ಆಗಲ್ಲ. ದಿನಾ ಬೆಳಿಗ್ಗೆ ಇವ್ರು ಹಿಂಗೆ ತಿಕ್ಕಿ ಆಫೀಸಿಗೆ ಹೋದ್ರೆ ಮಧ್ಯಾಹ್ನದ ತನ್ಕ ಹೆಂಗೋ ತಡ್ಕೋತೀನಿ."

ಚಿತ್ರಾನ್ನದ ಡಬ್ಬಿಯನ್ನು ಅಡುಗೆ ಮನೆಯಲ್ಲಿಟ್ಟು ಬಂದೆ. ಆಕೆಯ ಎದುರಿಗೆ ಹೇಳಲಾಗಲಿಲ್ಲ. ಸೋಮವಾರ ಪಾರ್ಕಿಂಗ್ ಲಾಟಿನಲ್ಲಿ ಸರ್ ಕಾರು ನಿಲ್ಲಿಸುವುದನ್ನೇ ಕಾದು ಹೇಳಿದೆ.

"ಸರ್, ಪ್ಯಾನೆಲ್ ಮೇಲೆ ಇರೋದು ಹರಳೆಣ್ಣೆ."

ಅವರು ಕೈಗಳನ್ನು ಒಮ್ಮೆ ನೋಡಿಕೊಂಡರು. "ಸೋಪು ಹಾಕಿ ತೊಳ್ಕೊಂಡೇ ಬರ್ತೀನಲ್ಲಮ್ಮಾ. ಗ್ಲೌಸ್ ಬೇರೆ ಹಾಕ್ತೀನಿ."

"ಗ್ಲೌಸ್ ಮಣಿಕಟ್ಟಿನ ತನಕ ತಾನೇ ಸರ್. ನೀವು ಮೊಣಕೈ ತನಕ ಒತ್ತುತ್ತೀರಿ. ಲ್ಯಾಬ್ ಕೋಟಿನ ತೋಳು ಎಣ್ಣೆ ಹೀರತ್ತೆ."

ಒಬ್ಬ ಇಂಜಿನಿಯರ್ ತನ್ನ ಲೆಕ್ಕ ತಪ್ಪಾದದ್ದನ್ನು ಕಂಡುಕೊಳ್ಳುವಾಗಿನ ಮುಖ ನಾನು ಬೇಕಾದಷ್ಟು ನೋಡಿದ್ದೇನೆ. ಇದು ಅದಲ್ಲ. ಅವರು ತೀರಾ ನಾಚಿಕೊಂಡಿದ್ದರು. ಹೆಂಡತಿಯ ಕಾಲು ತಿಕ್ಕುವುದು ಹೊರಗಿನವರಿಗೆ ಗೊತ್ತಾಯಿತಲ್ಲ ಎಂದೋ, ನಲವತ್ತು ವರ್ಷದ ಕಸುಬು ಎಣ್ಣೆಯಲ್ಲಿ ಜಾರಿತಲ್ಲ ಎಂದೋ, ನಾನು ಕೇಳಲಿಲ್ಲ. ಅವತ್ತೇ ಅವರಾಗಿ ಮ್ಯಾನೇಜರ್ ಬಳಿ ಹೋಗಿ ಹೇಳಿದರು.

ಮ್ಯಾನೇಜರ್ ಬೈಯಲಿಲ್ಲ. ಉದ್ದನೆಯ ಗ್ಲೌಸ್ ತರಿಸೋಣ ಎಂದ. ಆದರೆ ನನ್ನ ಯಂತ್ರ ಅದಕ್ಕೂ ಒಪ್ಪಲಿಲ್ಲ. ಸರ್ ಉಜ್ಜಿ ಉಜ್ಜಿ ತೊಳೆದುಕೊಂಡು ಬಂದ ಮೇಲೂ ಅವರ ತೋಳು, ಕುತ್ತಿಗೆ, ಕೂದಲನ್ನು ಹತ್ತಿಯಿಂದ ಒರೆಸಿ ನೋಡಿದೆ. ಇತ್ತು. ಕಾರಿನ ಸ್ಟೇರಿಂಗಿನ ಮೇಲಿತ್ತು, ಅಂಗಿಯ ಕಾಲರಿನ ಮೇಲಿತ್ತು. ಹರಳೆಣ್ಣೆ ಅಷ್ಟು ಸುಲಭಕ್ಕೆ ಬಿಡುವ ಎಣ್ಣೆಯಲ್ಲ. ಮನೆಯಲ್ಲಿ ಎಣ್ಣೆ ಇರುವ ತನಕ ಅವರು ಆ ಕೋಣೆಗೆ ಕಾಲಿಡುವಂತಿರಲಿಲ್ಲ, ಅವರು ಕಾಲಿಡದಿದ್ದರೆ ಫೆಬ್ರವರಿಯ ಪರೀಕ್ಷೆಗೆ ತೇಪೆ ಕೂರಿಸುವವರಿರಲಿಲ್ಲ. ರೋಲರು ಹಿಡಿದ ಹುಡುಗರು ಮಾಡಿದ ಎರಡು ಪ್ಯಾನೆಲ್‌ಗಳಲ್ಲಿ ಗಾಳಿ ಉಳಿದು ಅವು ಅರ್ಧ ದಾರಿಯಲ್ಲೇ ಬಿರುಕು ಬಿಟ್ಟವು.

ಸರ್ ಮೊದಲು ತಾನೇ ಹಿಂದೆ ಸರಿಯುತ್ತೇನೆ ಎಂದಿದ್ದರು. ತೀರ್ಮಾನ ಮಾಡಿದವರು ಆಂಟಿ. ಒಂದು ದಿನ ನನಗೆ ಫೋನ್ ಮಾಡಿದರು.

"ಎಣ್ಣೆ ಬಾಟ್ಲಿ ಎಸ್ದುಬಿಟ್ಟೆ ಕಣಮ್ಮ. ದಿಂಬು, ಟವೆಲ್ಲು, ಸೋಫಾ ಕವರ್ರು ಎಲ್ಲಾ ಹೋಯ್ತು. ಕಾರು ಒಳಗೆಲ್ಲಾ ತೊಳ್ಸಿದೀವಿ. ಇವ್ರನ್ನ ಇನ್ನೊಂದ್ಸಲ ಚೆಕ್ ಮಾಡಿ ಹೇಳು."

"ಆಂಟಿ, ಉರಿಗೆ ಏನ್ ಮಾಡ್ತೀರಾ? ಸರ್ ಬೇಡ, ನಾನ್ ಬಂದು ಹಚ್ತೀನಿ. ನಾನು ಆ ರೂಮಿಗೆ ಹೋಗಲ್ಲ."

"ನೀನೂ ಅದೇ ಬಿಲ್ಡಿಂಗಿಗೆ ತಾನೇ ಹೋಗೋದು? ಬಾಗಿಲು ಮುಟ್ತೀಯಲ್ಲ. ಬೇಡಪ್ಪ. ಕೆಲ್ಸ ಹೋದ್ರೆ ಆಮೇಲೆ ಯಾವ ಎಣ್ಣೆ ಹಚ್ಕೊಂಡು ಏನ್ ಮಾಡ್ಲಿ?"

ಎಷ್ಟು ಹೇಳಿದರೂ ಕೇಳಲಿಲ್ಲ. ಮನೆಯಲ್ಲಿ ಬೇರೆ ಎಣ್ಣೆಗೂ ಜಾಗವಿಲ್ಲದಂತೆ ಮಾಡಿದರು. ಒಗ್ಗರಣೆ ನಿಂತಿತು, ತಲೆಗೆ ಎಣ್ಣೆ ಇಡುವುದಕ್ಕೆ ಕೂದಲಂತೂ ಮೊದಲೇ ಇರಲಿಲ್ಲ. ಗಂಡ ಗ್ಲೌಸ್ ಹಾಕಿಕೊಂಡಾದರೂ ಕಾಲು ಒತ್ತುತ್ತೇನೆ ಎಂದರೆ, ಆಸ್ಪತ್ರೆಯವರ ಹಾಗೆ ಮುಟ್ಟುವುದಾದರೆ ಮುಟ್ಟಲೇಬೇಡಿ ಎಂದರಂತೆ. ಒದ್ದೆ ಬಟ್ಟೆ ಸುತ್ತಿಕೊಂಡು, ಟಬ್ಬಿನ ತಣ್ಣೀರಿನಲ್ಲಿ ಕಾಲಿಟ್ಟುಕೊಂಡು ಕಾಲ ಹಾಕಿದರು. ಡಿಸೆಂಬರಿನಲ್ಲಿ ಒಮ್ಮೆ ಹೋದಾಗ ಹಿಮ್ಮಡಿ ಒಡೆದು ರಕ್ತ ಬಂದಿತ್ತು. ಕನ್ನಡದವರು ಕೆಲವರು ಬಂದು ಕೂತಿದ್ದರು. ಆಂಟಿಯ ಧೈರ್ಯ ದೊಡ್ಡದು, ಎಲ್ಲ ದೇವರು ನೋಡಿಕೊಳ್ಳುತ್ತಾನೆ ಎಂದು ಮಾತಾಡುತ್ತಿದ್ದರು. ನಾನು ಅಡುಗೆ ಮನೆಗೆ ಹೋಗಿ ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆದೆ. ಅಲ್ಲಿ ನಿಂತಿದ್ದರೆ ಏನಾದರೂ ಅಂದುಬಿಡುತ್ತಿದ್ದೆ.

ಪ್ರತಿ ವಾರ ಸರ್ ನನ್ನ ಮೇಜಿನ ಮುಂದೆ ಅಂಗಿಯ ತೋಳು ಮೇಲಕ್ಕೆ ಮಡಚಿಕೊಂಡು ಕೂರುತ್ತಿದ್ದರು. ನಾನು ಹತ್ತಿಯಿಂದ ಒರೆಸುತ್ತಿದ್ದೆ. ಪರದೆಯ ಮೇಲೆ ಆ ಗೆರೆ ಸಣ್ಣಗಾಗುತ್ತಾ ಹೋಗಿ ಒಂದು ದಿನ ಇಲ್ಲವಾಯಿತು. ಅಂಥ ಶುದ್ಧವಾದ ಫಲಿತಾಂಶ ನೋಡಿ ನನಗೆ ಅಳು ಬಂದದ್ದು ಅದೊಂದೇ ಸಲ. "ಕ್ಲೀನ್ ಸರ್," ಎಂದೆ. ಅವರು ತಲೆಯಾಡಿಸಿ, ಅಂಗಿಯ ತೋಳು ಇಳಿಸಿಕೊಂಡು, ತೇಪೆ ಹಾಕುವ ಕೋಣೆಗೆ ಹೋದರು.

ಜನವರಿಯ ಕೊನೆಗೆ ಆಂಟಿ ಉರಿ ಎನ್ನುವುದನ್ನು ನಿಲ್ಲಿಸಿದರು. ಕೇಳಿದರೆ ಪರವಾಗಿಲ್ಲ ಎನ್ನುತ್ತಿದ್ದರು. ಕಾಲು ವಾಸಿಯಾಗುತ್ತಿದೆ, ಸದ್ಯ ಅದೊಂದಾದರೂ ನೆಟ್ಟಗಾಯಿತು ಎಂದು ಸರ್ ಹೇಳಿದರು, ನಾನೂ ನಂಬಿದೆ.

ಪರೀಕ್ಷೆಯ ದಿನ ಕೆಲಸ ಕೊಟ್ಟವರ ಕಡೆಯ ಮೂವರು ಗಾಜಿನಾಚೆ ನಿಂತಿದ್ದರು. ಯಂತ್ರ ಎಳೆಯತೊಡಗಿತು. ಒಣ ಕಟ್ಟಿಗೆ ಬಿರಿದಂತೆ ಒಳಗೊಳಗೇ ಚಟಪಟ ಸದ್ದು ಕೇಳಿ, ಕೊನೆಗೆ ಪ್ಯಾನೆಲ್ ಢಮಾರೆಂದು ಮುರಿಯಿತು. ಓಡಿ ಹೋಗಿ ನೋಡಿದೆವು. ನೂಲೆಲ್ಲ ಹರಿದು ಕೆದರಿಹೋಗಿತ್ತು. ತೇಪೆ ಅದರ ಜಾಗದಲ್ಲೇ ಇತ್ತು. ಉಳಿದವೂ ಹಾಗೆಯೇ ಮುರಿದವು. ಸರ್ ಅವರನ್ನು ತಬ್ಬಿಕೊಂಡ ಮ್ಯಾನೇಜರ್, ಪ್ರಾಜೆಕ್ಟ್ ಉಳಿಯಿತು ಎಂದ. ಗೆದ್ದ ಖುಷಿಗೆ ತರಿಸಿದ ಕೇಕಿಗೂ ಸರ್ ನಿಲ್ಲಲಿಲ್ಲ.

"ಬಾಮ್ಮಾ, ನೀನೂ ಬಾ. ನೀನ್ ಹೇಳಿದ್ರೇ ಅವಳು ನಂಬೋದು," ಎಂದರು. ಅವರ ಕಾರಿನ ಹಿಂದೆ ನನ್ನ ಕಾರು ಓಡಿಸಿಕೊಂಡು ಹೋದೆ. ದಾರಿಯಲ್ಲಿ ಇಂಡಿಯನ್ ಸ್ಟೋರಿನ ಮುಂದೆ ನಿಲ್ಲಿಸಿ, ಒಳಗೆ ಹೋಗಿ ಹರಳೆಣ್ಣೆಯ ಬಾಟಲಿ ಹಿಡಿದುಕೊಂಡು ಬಂದರು. ಮುಂದಿನ ತೇಪೆ ಹಾಕುವುದಕ್ಕೆ ಇನ್ನೂ ತಿಂಗಳುಗಟ್ಟಲೆ ಸಮಯವಿತ್ತು. ಅವರು ಅಷ್ಟು ಬೇಗ ಬೇಗ ಹೆಜ್ಜೆ ಹಾಕಿದ್ದನ್ನು ನಾನು ನೋಡಿರಲಿಲ್ಲ.

ಆಂಟಿ ಸೋಫಾದ ಮೇಲೆ ಕಣ್ಣು ಮುಚ್ಚಿ ಒರಗಿದ್ದರು. ತುಂಬ ಸೊರಗಿದ್ದರು. ಪಾಸಾಯಿತು ಎಂದು ನಾನು ಕಿವಿಯ ಹತ್ತಿರ ಹೇಳಿದೆ. "ಇನ್ಶೂರೆನ್ಸ್ ಇರತ್ತಾ?" ಎಂದು ಕೇಳಿದರು. ಇರುತ್ತದೆ ಎಂದೆ. ಅವರ ಮುಖ ಸಡಿಲವಾಯಿತು, ಕಣ್ಣು ಮಾತ್ರ ತೆರೆಯಲಿಲ್ಲ.

ಸರ್ ಕೋಟನ್ನೂ ತೆಗೆಯದೆ ನೆಲದ ಮೇಲೆ ಕೂತರು. ಕಾಲುಚೀಲ ಬಿಚ್ಚಿ, ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಹಿಮ್ಮಡಿಯಿಂದ ಬೆರಳಿನ ತುದಿವರೆಗೆ ತೋಳಿನ ಭಾರವೆಲ್ಲ ಹಾಕಿ ತಿಕ್ಕಿದರು. ಒಡೆದ ಹಿಮ್ಮಡಿ ಒತ್ತಿದಾಗಲೂ ಆಂಟಿ ಕಾಲು ಎಳೆದುಕೊಳ್ಳಲಿಲ್ಲ. ಬಲಗಾಲು ಮುಗಿಸಿ ಎಡಗಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡರು. ಕೋಣೆಯ ತುಂಬ ಎಣ್ಣೆಯ ವಾಸನೆ.

"ರೀ," ಎಂದರು ಆಂಟಿ. "ಎಣ್ಣೆ ವಾಸ್ನೆ ಬರ್ತಾ ಐತೆ. ತಂದ್ರಾ? ಯಾವಾಗ ಹಚ್ತೀರಾ?"

ಸರ್ ನನ್ನ ಮುಖ ನೋಡಿದರು. ಅವರ ಕೈ ನಿಲ್ಲಲಿಲ್ಲ.

"ಈಗ ಹಚ್ತೀನಿ ಕಣೇ," ಎಂದರು.