ಅಮ್ಮ ದೇವರೊಡನೆ ಮಾತು ಬಿಟ್ಟಿದ್ದಾಗ

ತಿಪಟೂರಿನ ನಮ್ಮ ಬೀದಿಗೆ ಆಗ ಬೇಸಿಗೆ ಮೂಗಿನ ಮೂಲಕವೇ ಬರುತ್ತಿತ್ತು. ಅಟ್ಟಗಳಿಂದ ಇಳಿಸಿದ ಕೊಬ್ಬರಿಯ ಎಣ್ಣೆವಾಸನೆ, ಹಿತ್ತಿಲುಗಳಲ್ಲಿ ಒಣಗಲು ಹಾಕಿದ ಹುಣಸೆಹಣ್ಣಿನ ಹುಳಿಗಂಪು, ಹೊಂಗೆಯ ಹೂವು. ನಾವು ಮಕ್ಕಳು ಹೊಂಗೆಯ ನೆರಳಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದೆವು. ನಮ್ಮ ಮನೆಯವರಿಗೆ ಅದು ಲೆಂಟ್ ಎಂಬ ಉಪವಾಸದ ಕಾಲವೂ ಹೌದು. ಈಸ್ಟರ್ ಬರುವ ತನಕ ಅಡುಗೆಮನೆಯಲ್ಲಿ ಮಾಂಸದ ಸುದ್ದಿಯಿಲ್ಲ. ಮುದ್ದೆ, ಹುರುಳಿಕಾಳಿನ ಬಸ್ಸಾರು, ಕಾಯಿಚಟ್ನಿ. ವಾರಕ್ಕೊಂದು ಸಂಜೆ ಯಾರಾದರೊಬ್ಬರ ಮನೆಯಲ್ಲಿ ಪ್ರಾರ್ಥನೆ.

ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಅಪ್ಪ ನಾರಿನ ಮಿಲ್ಲಿನಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದರು. ಅಮ್ಮ, ಸುಗುಣ, ಚರ್ಚಿನಲ್ಲಿ ಹಾಡು ಎತ್ತಿಕೊಡುವವಳು. ಅವಳು ಮೊದಲ ಸಾಲು ಹೇಳದೆ ಸಭೆಯಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಮನೆಯಲ್ಲಿ ಸೌದೆ ಒಲೆ ಊದುವಾಗಲೂ, ಪಾತ್ರೆ ಬೆಳಗುವಾಗಲೂ ಹಾಡೇ.

ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ ಆ ಹಾಡು ನಿಂತುಹೋಯಿತು. ಹಿಂದಿನ ಮಳೆಗಾಲದಲ್ಲಿ ನನಗೊಬ್ಬ ತಮ್ಮ ಹುಟ್ಟಿದ್ದ. ಜ್ವರ ಬಂತು, ಆಸ್ಪತ್ರೆಗೆ ಸೇರಿಸಿದರು. ಇಡೀ ಸಭೆ ಉಪವಾಸ ಮಾಡಿ ಪ್ರಾರ್ಥಿಸಿತು. ಮಗು ಉಳಿಯಲಿಲ್ಲ. ದೀಕ್ಷಾಸ್ನಾನಕ್ಕೆಂದು ಅಮ್ಮ ಹೊಲಿದಿದ್ದ ಬಿಳಿ ಅಂಗಿಯಲ್ಲೇ ಅವನನ್ನು ಮಣ್ಣು ಮಾಡಿದರು.

ಅಮ್ಮ ಅಳುವುದನ್ನು ಬೇಗ ನಿಲ್ಲಿಸಿದಳು. ಅದಕ್ಕೇ ನನಗೆ ಹೆಚ್ಚು ಭಯವಾಗಿದ್ದು. ಭಾನುವಾರ ನನಗೆ ಜಡೆ ಹಾಕಿ ಚರ್ಚಿಗೆ ಕಳಿಸುವಳು, ತಾನು ಬಾರಳು. ಊಟಕ್ಕೆ ಮುಂಚೆ ಅಪ್ಪ ಕಣ್ಣು ಮುಚ್ಚಿದರೆ ಅವಳು ನೀರು ತರುವ ನೆಪ ಮಾಡಿ ಎದ್ದು ಹೋಗುವಳು. ಸಭೆಯವರು ಬಂದು, "ದೇವರ ಚಿತ್ತ ಅಮ್ಮಾ," ಎಂದು ಸಮಾಧಾನ ಹೇಳಿ ಹೋದ ಮೇಲೆ ಹಿತ್ತಿಲ ಬಾಗಿಲು ದಢಾರನೆ ಮುಚ್ಚಿಕೊಳ್ಳುತ್ತಿತ್ತು.

ಪಕ್ಕದ ಮನೆಯ ಗೌರಮ್ಮಜ್ಜಿ ಲಿಂಗಾಯತರು. ತೋಟವಿದ್ದ ಮನೆತನ, ಅಜ್ಜಿಗೆ ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದರು. ಒಂದು ಮಧ್ಯಾಹ್ನ ಹಿತ್ತಿಲಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸಲು ಅಮ್ಮನ ಜೊತೆ ಕೂತವರು ಕೇಳಿದರು:

"ಏನೇ ಸುಗುಣಾ, ನಿನ್ನ ಹಾಡೇ ಕೇಳಂಗಿಲ್ವಲ್ಲೇ?"

"ಯಾರಿಗೆ ಹಾಡ್ಲಿ ಅಜ್ಜಿ? ಅಷ್ಟು ಬೇಡ್ಕೊಂಡೆ. ಕಿವಿ ಕೇಳ್ತಾ ಅವನಿಗೆ?"

ಅಜ್ಜಿ ಬೆಚ್ಚಲಿಲ್ಲ. "ಕ್ವಾಪ ಐತಾ? ಬೈಯಿ. ನಮ್ ಯಜಮಾನ್ರು ಹೋದಾಗ ನಾನೂ ಲಿಂಗ ಅಂಗೈಯಾಗೆ ಮಡಿಕ್ಕೊಂಡು ಬೈದಿವ್ನಿ. ಬೈಯಕಾದ್ರೂ ಎದುರಿಗೆ ಕುಂತ್ಕಬೇಕು ಕಣೇ. ಮಖ ತಿರುಗಿಸ್ಕಂಡು ಹೋದ್ರೆ ಜಗಳ ಎಂಗ್ ಮುಗಿದೀತು?"

ಅಮ್ಮ ಕೈಯಲ್ಲಿದ್ದ ಹಣ್ಣಿನ ಬೀಜ ಬಿಡಿಸಿ, ಇನ್ನೊಂದು ಹಣ್ಣು ಎತ್ತಿಕೊಂಡಳು.

ಮುಂದಿನ ವಾರ ಪ್ರಾರ್ಥನೆಯ ಸರದಿ ನಮ್ಮ ಮನೆಯದು; ನಮ್ಮ ಸಭಾಪಾಲಕರಾದ ಅಯ್ಯನವರೂ ಬರುವವರಿದ್ದರು. ಅಪ್ಪ ಹಿಂಜರಿಯುತ್ತಲೇ, "ಬ್ಯಾಡ ಅಂದ್ರೆ ಅಯ್ಯನೋರಿಗೆ ಹೇಳಿ ಬರ್ತೀನಿ," ಎಂದರು.

"ಬರ್ಲಿ ಬುಡ್ರೀ. ಕಡಲೆಕಾಳು ನೆನೆಹಾಕ್ತೀನಿ," ಎಂದಳು ಅಮ್ಮ.

ಸಂಜೆ ಚಾಪೆ ಹಾಸಿದೆವು. ಒಳಗೆ ಕಾಯಿತುರಿ ಹಾಕಿದ ಉಸಲಿಯ ಘಮ. ಎಲ್ಲರೂ ಬಂದು ಕೂತರು. ಅಮ್ಮ ಮಾತ್ರ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅಯ್ಯನವರು ಅಂದು ಉಪದೇಶ ಮಾಡಲಿಲ್ಲ. "ಯಾರಿಗೆ ಪ್ರಾರ್ಥನೆ ಮಾಡಬೇಕು ಅನ್ನಿಸ್ತದೋ ಅವರು ಮಾಡಿ," ಎಂದು ಕಣ್ಣು ಮುಚ್ಚಿದರು. ಆಮೇಲೆ ಬಾಗಿಲ ಕಡೆಯಿಂದ ದನಿ ಬಂತು.

"ಕರ್ತನೇ, ನಾನು ಸುಗುಣ. ನಿನ್ ಹತ್ರ ಮಾತು ಬುಟ್ಟು ಬಾಳ ದಿನ ಆಯ್ತು. ನಿನ್ ಮ್ಯಾಲೆ ನಂಗೆ ಸಿಟ್ಟೈತೆ ಕಣಪ್ಪ. ಕೊಟ್ಟಿದ್ದನ್ನ ಯಾಕ್ ಕಿತ್ಕಂಡೆ? ನಂಗೆ ಅರ್ಥ ಆಗ್ಲಿಲ್ಲ. ಈಗ್ಲೂ ಆಗಿಲ್ಲ. ಆದ್ರೆ ನಿನ್ನ ಬುಟ್ಟು ಇರೋಕೂ ನನ್ ಕೈಲಿ ಆಗ್ತಿಲ್ಲ. ಅದ್ಕೇ ಬಂದಿವ್ನಿ."

ಅಷ್ಟೇ. ಆಮೆನ್ ಕೂಡ ಹೇಳಲಿಲ್ಲ. ನಾನು ಕಣ್ಣು ಬಿಟ್ಟು ನೋಡಿದೆ. ಸಭೆಯ ಹಿರಿಯರಾದ ಮರಿಯಮ್ಮನವರು ಸೆರಗು ಸರಿಮಾಡಿಕೊಂಡು, "ದೇವರಿಗೆ ಹಂಗೆಲ್ಲ ಅನ್ನಬಾರದಮ್ಮ," ಎಂದರು.

ಅಯ್ಯನವರು ಮೆಲ್ಲಗೆ, "ಅನ್ನಲಿ ಬಿಡಿ ಮರಿಯಮ್ಮ. ಆಯಮ್ಮ ಬಾಯಿ ಬಿಟ್ಟು ಹೇಳಿದಾಳೆ. ನಾವು ಆಮೆನ್ ಅನ್ನೋಣ," ಎಂದರು. ಎಲ್ಲರೂ ಅಂದರು. ಅಪ್ಪನ ಆಮೆನ್ ಎಲ್ಲರಿಗಿಂತ ತಡವಾಗಿ, ಒಡೆದ ದನಿಯಲ್ಲಿ ಬಂತು. ಉಸಲಿ ತಿಂದಾದ ಮೇಲೆ ಮರಿಯಮ್ಮನವರು ಹೊರಡುವ ಮುಂಚೆ ಅಡುಗೆಮನೆಗೆ ಹೋಗಿ, ಅಮ್ಮನ ಜೊತೆ ನಿಂತು ಪಾತ್ರೆ ತೊಳೆದುಕೊಟ್ಟು ಹೋದರು.

ಮರುದಿನದಿಂದ ಅಮ್ಮ ಎಲ್ಲರಿಗಿಂತ ಮುಂಚೆ ಎದ್ದು ಹಿತ್ತಿಲಲ್ಲಿ ಕೂರತೊಡಗಿದಳು. ಕೆಲವು ದಿನ ಮಾತು; ಕೆಲವು ದಿನ ಬರೀ, "ಬಂದೆ ಕಣಪ್ಪ," ಎಂದು ಹೇಳಿ ಸುಮ್ಮನಾಗುವಳು. ಈಸ್ಟರ್ ಬೆಳಿಗ್ಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಪಡೆಯಲು ಎದ್ದು ಹೋಗಿ ಮೊಣಕಾಲೂರಿದಳು. ಹಾಡನ್ನೂ ಎತ್ತಿಕೊಟ್ಟಳು. ದನಿ ಮೊದಲಿನಷ್ಟು ಮೇಲಕ್ಕೆ ಹೋಗಲಿಲ್ಲ. ಸಭೆಯೇ ಆ ದನಿಗೆ ಇಳಿದು ಹಾಡಿತು.

ಆಮೇಲೆ ಅಮ್ಮನಿಗೊಂದು ಹೊಸ ಕೆಲಸ ಅಂಟಿಕೊಂಡಿತು. ಮಗು ಕಳೆದುಕೊಂಡ ಮನೆ ಯಾವ ಜಾತಿಯದಾದರೂ ಗಂಜಿ ಮಾಡಿಕೊಂಡು ಹೋಗುವಳು. ದೇವರ ಚಿತ್ತದ ಮಾತು ಎತ್ತುತ್ತಲೇ ಇರಲಿಲ್ಲ. ಆ ತಾಯಿಯ ಪಕ್ಕ ಕೂತು ಅವಳ ಮಾತು ಕೇಳುವಳು. ಕರೆದರೆ ಮಾತ್ರ ಪ್ರಾರ್ಥಿಸುವಳು.

ಅಮ್ಮ ಹೋಗಿ ಕೆಲವು ವರ್ಷಗಳಾದವು. ಗೌರಮ್ಮಜ್ಜಿ ಇನ್ನೂ ಮೊದಲೇ ಹೋದರು. ಚರ್ಚಿಗೆ ಈಗ ಟೈಲ್ಸ್ ನೆಲ, ಕೀಬೋರ್ಡು, ಮೈಕು. ಲೆಂಟಿನ ಮನೆಪ್ರಾರ್ಥನೆ ಫೋನಿನ ಗುಂಪಿನಲ್ಲಿ ನಡೆದುಹೋಗುತ್ತದೆ. ಒಬ್ಬರು ಪ್ರಾರ್ಥನೆ ಟೈಪು ಮಾಡಿದರೆ ಉಳಿದವರು ಕೈಮುಗಿದ ಚಿತ್ರ ಹಾಕುತ್ತಾರೆ. ನಾನೂ ಹಾಕುತ್ತೇನೆ. ಯಾರ ದನಿ ಒಡೆದಿದೆ ಎಂದು ಅಲ್ಲಿ ತಿಳಿಯುವುದಿಲ್ಲ. ನಾನು ಒಬ್ಬಳೇ ಕೂತು ಪ್ರಾರ್ಥಿಸುವಾಗಲೂ ಮಾತುಗಳು ಬಲು ಅಚ್ಚುಕಟ್ಟಾಗಿ ಬರುತ್ತವೆ. ದೇವರೊಡನೆ ನನಗೆ ಮರ್ಯಾದೆ ಬೆಳೆದಿದೆ. ಅಮ್ಮನಿಗಿದ್ದ ಸಲಿಗೆ ಮಾತ್ರ ಇನ್ನೂ ಬಂದಿಲ್ಲ.