ಸುಂದ್ರವ್ವನ ಮನೆಯ ಚಹಾ

ಧಾರಾವಿಯಲ್ಲಿ ಇನ್ನೂ ನಸುಕು. ಚರ್ಮದ ಚೀಲ ಹೊಲಿಯುವ ಕಾರ್ಖಾನೆಯ ಮೇಲಿನ ಖೋಲಿಗೆ ಹೋಗುವ ಕಬ್ಬಿಣದ ಏಣಿಯನ್ನು ಮಹಾದೇವಿ ಒಂದು ಕೈಯಲ್ಲಿ ಹಿಡಿದು ಹತ್ತುತ್ತಾರೆ. ಇನ್ನೊಂದು ಕೈಯಲ್ಲಿ ಐಸ್ ತುಂಬಿದ ಡಬ್ಬಿ. ಆ ಮನೆಯವರು ಬಾಯಿಗೆ ಏನನ್ನೂ ಹಾಕಿಕೊಳ್ಳುವ ಮೊದಲೇ ರಕ್ತ ತೆಗೆಯಬೇಕು. ಅದಕ್ಕೇ ಮುಲುಂಡಿನ ಚಾಳಿನ ತಮ್ಮ ಮನೆಯಿಂದ ಕತ್ತಲಲ್ಲೇ ಹೊರಟು ಲೋಕಲ್ ಹಿಡಿದು ಬಂದಿದ್ದಾರೆ. ಖೋಲಿಯ ದಾನಪ್ಪ ಅಂಗಿಯ ತೋಳು ಮೇಲೇರಿಸಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಾರೆ.

ಯಾದಗಿರಿ ಕಡೆಯಿಂದ ಮದುವೆಯಾಗಿ ಮುಂಬಯಿಗೆ ಬಂದ ಮಹಾದೇವಿ ಮೊದಲು ನರ್ಸಿಂಗ್ ಹೋಮ್ ಒಂದರಲ್ಲಿ ಆಯಾ. ಸೂಜಿ ಚುಚ್ಚುವುದನ್ನು ಅಲ್ಲೇ ಕಲಿತರು. ಈಗ ಸಂಶೋಧನಾ ಕೇಂದ್ರವೊಂದಕ್ಕಾಗಿ ಕನ್ನಡದ ಮನೆಗಳಿಂದ ರಕ್ತ ತರುತ್ತಾರೆ. ದಿನಕ್ಕೆ ಐದಾರು ಮನೆ, ಒಂದೊಂದು ಮನೆಗೂ ಮತ್ತೆ ಮತ್ತೆ. ಕೇಂದ್ರದ ಪ್ರಬಂಧಗಳಲ್ಲಿ ಹತ್ತಾರು ಹೆಸರು ಅಚ್ಚಾಗುತ್ತವೆ, ಇವರದಿಲ್ಲ. ಕೇಳಿದರೆ ನಕ್ಕುಬಿಡುತ್ತಾರೆ.

ಸಕ್ಕರೆ ಕಾಯಿಲೆಯ ಕೆಲವರಿಗೆ ರಕ್ತನಾಳದಲ್ಲಿ ಯಾವ ಅಡ್ಡಿಯೂ ಇರುವುದಿಲ್ಲ, ಆದರೂ ಹೃದಯದ ಸ್ನಾಯು ಸೋಲುತ್ತದೆ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬರ ಎದೆ ಸೋತು ಇನ್ನೊಬ್ಬರದು ಗಟ್ಟಿಯಾಗಿರುವುದೇಕೆ, ಯಾವ ವಂಶವಾಹಿಯ ಆಟ ಅದು ಎಂದು ಕೇಂದ್ರ ಹುಡುಕುತ್ತಿದೆ. ಇನ್ಸುಲಿನ್ ಮಾತು ಕೇಳದ ಹೃದಯದ ಜೀವಕೋಶ ಸಕ್ಕರೆಯನ್ನು ಬಳಸಲಾಗದೆ ಕೊಬ್ಬನ್ನೇ ಉರಿಸುತ್ತದೆ. ಒಳಗಿನ ಶಕ್ತಿಯ ಮನೆಗಳು ಹಾಳಾಗುತ್ತವೆ. ನಾರು ಬೆಳೆದು ಸ್ನಾಯು ಬಿಗಿಯುತ್ತದೆ ಎಂದು ಅಲ್ಲಿನ ವಿಜ್ಞಾನಿ ಶ್ರೇಯಾ ವಿವರಿಸುತ್ತಾರೆ. ಮಹಾದೇವಿ ಮನೆಗಳಲ್ಲಿ ಅದನ್ನೇ ಹೇಳುವ ರೀತಿ ಬೇರೆ: “ಸ್ಟೋವಿಗೆ ಕಲಬೆರಕಿ ಎಣ್ಣಿ ಹಾಕಿದ್ರ ಉರಿ ಕಡಿಮಿ, ಹೊಗಿ ಜಾಸ್ತಿ. ಎದಿ ಒಳಗೂ ಹಂಗ ಆಗ್ತದ.”

ರಕ್ತ ಕೊಡಿ ಎಂದರೆ ಯಾರು ತಾನೇ ಕೊಡುತ್ತಾರೆ? ಮೊದಮೊದಲು ಬಾಗಿಲಲ್ಲೇ ಸಾಗಹಾಕುತ್ತಿದ್ದರು. ಆಗ ಒಳಗೆ ಕರೆದು ಕೂರಿಸಿದವರು ದಾನಪ್ಪನ ಅಕ್ಕ ಸುಂದ್ರವ್ವ. ಅಕ್ಕ, ತಮ್ಮ ಇಬ್ಬರಿಗೂ ಶುಗರ್. ಇಬ್ಬರೂ ರಕ್ತ ಕೊಟ್ಟರು, ಸುತ್ತಲಿನ ಮನೆಗಳಿಗೂ ಹೇಳಿದರು. ರಕ್ತ ತೆಗೆದಾದ ಮೇಲೆ ಚಹಾ. ಮನೆಗೆ ಬಂದ ಹೆಣ್ಣುಮಗಳನ್ನು ಹಾಗೇ ಕಳಿಸುವುದುಂಟೇ? ಅದೂ ಸಕ್ಕರೆ ಕಡಿಮೆಯಾದರೆ ಮನೆಯ ಮಾನ ಹೋಯಿತು. ಒಲ್ಲೆನೆಂದರೆ ಮುಂದಿನ ಸಲ ಬಾಗಿಲು ತೆರೆಯಲಿಕ್ಕಿಲ್ಲ ಎಂಬ ಅಂಜಿಕೆ ಮಹಾದೇವಿಗೆ. ಕುಡಿದರು. ಎದುರಿಗೆ ಕೂತು ಸುಂದ್ರವ್ವನೂ ಕುಡಿದರು.

ವರ್ಷಗಳು ಹೀಗೇ ಕಳೆದವು. ಬರಬರುತ್ತ ಸುಂದ್ರವ್ವ ಮಾತ್ರೆಯನ್ನೂ ಬಿಟ್ಟರು. ಏಣಿ ಹತ್ತಿದರೆ ಏದುಸಿರು, ಕಾಲಿಗೆ ಬಾವು. ಆಸ್ಪತ್ರೆಗೆ ಒಯ್ದಾಗ ರಕ್ತನಾಳಗಳೆಲ್ಲ ಸ್ವಚ್ಛ, ಸ್ನಾಯುವಿನಲ್ಲಿ ಮಾತ್ರ ಕಸುವಿಲ್ಲ. ಹೋದ ವರ್ಷ ತೀರಿಕೊಂಡರು. ಮಾತ್ರೆ ಯಾಕೆ ಬಿಟ್ಟರೆಂದು ಮಹಾದೇವಿಗೆ ತಿಳಿದದ್ದು ಮಣ್ಣು ಮಾಡಿದ ದಿನ, ನೆರೆಯವರ ಬಾಯಿಂದ. “ರಕ್ತ ನೋಡೋ ಹೆಣ್ಮಗಳೇ ಕುಡೀತಾಳ, ಸಕ್ರಿ ಏನ್ ಮಾಡ್ತದ” ಎಂದು ಸುಂದ್ರವ್ವ ಎಲ್ಲರಿಗೂ ಹೇಳುತ್ತಿದ್ದರಂತೆ.

ಒಂದು ಕಪ್ ಚಹಾದಿಂದ ಯಾರ ಹೃದಯವೂ ಸೋಲುವುದಿಲ್ಲ ಎಂದು ಶ್ರೇಯಾ ಸಮಾಧಾನ ಹೇಳಿದ್ದಾರೆ. ಮಹಾದೇವಿಯ ಸಂಕಟ ಅದಲ್ಲ. “ಚಾದಿಂದ ಅಲ್ರೀ. ನಾ ಕುಡದದ್ದು ನೋಡಿ ಆಕಿಗೆ ಧೈರ್ಯ ಬಂತು. ಬರಬಾರದ ಧೈರ್ಯ,” ಎನ್ನುವಾಗ ಅವರು ತಲೆ ಎತ್ತುವುದಿಲ್ಲ. ಸುಂದ್ರವ್ವನ ರಕ್ತ ಇಂದಿಗೂ ಕೇಂದ್ರದ ಫ್ರೀಜರಿನಲ್ಲಿ ಹೆಪ್ಪುಗಟ್ಟಿ ಕೂತಿದೆ. ಅಲ್ಲಿಗೆ ಹೋದಾಗಲೆಲ್ಲ ಅದರ ಬಾಗಿಲಿನ ಕಡೆ ನೋಡದೆ ದಾಟುತ್ತಾರೆ.

ಈ ಬೆಳಗ್ಗೆ ದಾನಪ್ಪನ ರಕ್ತ ಐಸ್ ಡಬ್ಬಿ ಸೇರಿತು. ರೂಢಿಯಂತೆ ಅವರು ಸ್ಟೋವ್ ಹಚ್ಚಿ ಸಕ್ಕರೆ ಡಬ್ಬಿಗೆ ಕೈ ಹಾಕುತ್ತಾರೆ.

“ಹಾಕಬ್ಯಾಡ ದಾನಪ್ಪಣ್ಣ. ನನಗೂ ಬ್ಯಾಡ, ನಿನಗೂ ಬ್ಯಾಡ.”

ಸಕ್ಕರೆಯಿಲ್ಲದ ಚಹಾ ಈ ಮನೆಯಲ್ಲಿ ಯಾರಿಗೂ ಕೊಟ್ಟಿಲ್ಲ ಎಂದು ದಾನಪ್ಪ ಗೊಣಗುತ್ತಾರೆ. ಆದರೂ ಡಬ್ಬಿ ಮುಚ್ಚಿ, ಹಾಗೇ ಸೋಸಿ ಕೊಡುತ್ತಾರೆ. ಇಬ್ಬರೂ ಕುಡಿಯುತ್ತಾರೆ. ಖಾಲಿ ಕಪ್ ಕೆಳಗಿಟ್ಟು ದಾನಪ್ಪ ಮೆಲ್ಲಗೆ ಹೇಳುತ್ತಾರೆ: “ಕುಡೀಲಿಕ್ಕೆ ಬರ್ತದ ಮಾದೇವಕ್ಕ. ಹಿಂಗ ಕೊಟ್ಟಿದ್ರ ಅಕ್ಕನೂ ಕುಡೀತಿದ್ಳು.”

ಏಣಿ ಇಳಿದ ಮಹಾದೇವಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಾರೆ. ಯಾರ ಎದೆ ಸೋಲುತ್ತದೆಂದು ಮೊದಲೇ ಗೊತ್ತಾಗುವ ಕಾಲ ಬರಬೇಕು, ಅದಕ್ಕೆ ತಾನು ತಂದ ರಕ್ತ ಉಪಯೋಗಕ್ಕೆ ಬರಬೇಕು, ಅಷ್ಟೇ ಅವರ ಆಸೆ.

“ಕೇಂದ್ರದವರು ಹುಡುಕಲಿ, ಸಿಗಲಿ,” ಎನ್ನುತ್ತ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಿಸುತ್ತಾರೆ. “ಸುಂದ್ರವ್ವಗ ಮಾತ್ರ ಅದ್ಯಾವುದೂ ಬೇಕಾಗಿರಲಿಲ್ಲ. ನಾ ಒಂದ್ ಸಲ ಒಲ್ಲೆ ಅಂದಿದ್ರ ಸಾಕಿತ್ತು.”