ಜುಮಾದಿಲನಿಗೆ ನಾನು ಕೊಟ್ಟ ಪಕ್ಕೆಲುಬು

ನಮ್ಮೂರಿನ ಔತಣಗಳಲ್ಲಿ ಕುರಿ ಬೆಂದ ಮೇಲೆ ಯಾರಿಗೆ ಯಾವ ಮೂಳೆ ಎಂದು ಹಂಚುವವನು ನಾನು. ಹಿರಿಯರಿಗೆ ಸೊಂಟದ ಮೂಳೆ, ಹುಡುಗರಿಗೆ ಪಕ್ಕೆಲುಬು; ಸಿಕ್ಕ ಮೂಳೆಯೇ ಅವರವರ ಮರ್ಯಾದೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೈತಪ್ಪಿಲ್ಲ ಎಂದು ನಮ್ಮ ಕೊಚ್ಕೋರ್ ಊರ ತುಂಬ ಜಂಬ ಕೊಚ್ಚಿಕೊಂಡಿದ್ದೇನೆ.

ಜುಮಾದಿಲ್ ನನ್ನ ಓರಗೆಯವನು, ದನದ ಡಾಕ್ಟರು. ಕುದುರೆ ಕದ್ದನೆಂದು ಅವನನ್ನು ನಾಲ್ಕು ವರ್ಷ ಜೈಲಿಗೆ ಹಾಕಿದರು. ಬಿಡುಗಡೆಯಾಗಿ ಬಂದ ಮೇಲೆ ಮೊದಲ ಔತಣದಲ್ಲೇ, ಅರವತ್ತು ದಾಟಿದ ಅವನ ಮುಂದೆ ನಾನು ಪಕ್ಕೆಲುಬು ಇಟ್ಟೆ. ಉಳಿದವರು ತಮ್ಮ ತಮ್ಮ ಪಾಲು ತಿನ್ನತೊಡಗಿದರು. ಅವನ ಹೆಂಡತಿ ಬುರುಲ್ಚಾ ಎದ್ದು ಹೋದವಳು ಮತ್ತೆ ಯಾರ ಮನೆಯ ಔತಣಕ್ಕೂ ಬರಲಿಲ್ಲ. ಅವನು ತಲೆ ತಗ್ಗಿಸಿಕೊಂಡು ತಿಂದ. ಎರಡು ವರ್ಷ, ಪ್ರತಿ ಸಲವೂ ಅದನ್ನೇ ಕೊಟ್ಟೆ.

ಆಮೇಲೆ ನಿಜವಾದ ಕಳ್ಳ ಸಿಕ್ಕಿಬಿದ್ದ, ಕೋರ್ಟು ಶಿಕ್ಷೆ ರದ್ದು ಮಾಡಿತು. ಅಷ್ಟರಲ್ಲಿ ಬುರುಲ್ಚಾ ತೀರಿಕೊಂಡಿದ್ದಳು. ಜುಮಾದಿಲ್ ಸರ್ಕಾರದಿಂದ ಪರಿಹಾರ ಕೇಳಿ ಅರ್ಜಿ ಹಾಕಿದ. ಹೋದ ಸಂಬಳಕ್ಕೆ ಕಾಗದಪತ್ರಗಳಿದ್ದವು, ಹೋದ ಮಾನಕ್ಕೆ ಸಾಕ್ಷಿ ಬೇಕಿತ್ತು. ನಮ್ಮ ಮನೆಗೆ ಬಂದ.

"ಅಸನ್, ನನ್ನ ಮುಂದೆ ಏನಿಡ್ತಿದ್ದೆ ಅಂತ ಕೋರ್ಟಲ್ಲಿ ಹೇಳ್ತೀಯಾ?"

"ಅದನ್ನೆಲ್ಲ ಈಗ್ಯಾಕೋ ಕೆದಕ್ತೀಯಾ?"

"ಊರಲ್ಲಿ ನನ್ನ ಮರ್ಯಾದೆಗೇನೂ ಕಮ್ಮಿಯಾಗಿಲ್ಲ ಅಂತ ಸರ್ಕಾರದ ವಕೀಲ ವಾದ ಮಾಡ್ತಿದಾನೆ. ಮಾಂಸ ಹಂಚೋ ಚಾಕು ಹಿಡಿದಿದ್ದೋನು ನೀನು. ಇನ್ಯಾರನ್ನ ಕೇಳ್ಲಿ?"

ಚಹಾ ಬಗ್ಗಿಸುತ್ತಿದ್ದ ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಕೊಡೋವಾಗ ಇವರ ಕೈ ನಡುಗ್ಲಿಲ್ಲ. ಹೇಳೋಕೆ ನಾಲಿಗೆ ನಡುಗ್ತಿದೆ ನೋಡು."

ಬರುತ್ತೇನೆಂದು ಮಾತು ಕೊಟ್ಟೆ. ಕೋರ್ಟಿನಲ್ಲಿ ನೋಡಿದರೆ ಅರ್ಧ ಊರೇ ಕೂತಿದೆ, ಮುಂದಿನ ಸಾಲಿನಲ್ಲಿ ನನ್ನ ಹೊಸ ಬೀಗರು. ಊರವರು ಇವನನ್ನು ಹೇಗೆ ನಡೆಸಿಕೊಂಡರು ಎಂದು ನ್ಯಾಯಾಧೀಶರು ಕೇಳಿದರು.

"ಗೌರವವಾಗೇ ನಡೆಸ್ಕೊಂಡ್ವಿ."

"ಔತಣಗಳಲ್ಲಿ?"

"ವಯಸ್ಸಿಗೆ ತಕ್ಕ ಹಾಗೆ."

ಹೇಳುತ್ತಿದ್ದಂತೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಜುಮಾದಿಲ್ ತಲೆ ಎತ್ತಲಿಲ್ಲ. ಸಂಬಳದ ಪಾಲು ಮಂಜೂರಾಯಿತು, ಮಾನಹಾನಿಯ ಬೇಡಿಕೆ ಬಿದ್ದುಹೋಯಿತು.

ಹೊರಗೆ ಬಂದ ಮೇಲೆ ಅವನ ತೋಳು ಹಿಡಿದೆ. "ಬೀಗರು ಕೂತಿದ್ರು ಕಣೋ. ನಿಜ ಹೇಳೋಕೆ ಬಾಯೇ ಬರ್ಲಿಲ್ಲ."

"ನೋಡ್ದೆ." ತೀರ್ಪಿನ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡ. "ಊರು ನನ್ನನ್ನ ಗೌರವದಿಂದ ಕಂಡಿತ್ತು ಅಂತ ಇದ್ರಲ್ಲಿ ಬರೆದಿದಾರೆ. ಬುರುಲ್ಚಾಗೆ ಅದೊಂದು ಮಾತು ಕೇಳೋ ಆಸೆಯಿತ್ತು. ಗೋರಿ ಹತ್ರ ಓದಿ ಹೇಳ್ಬೇಕು. ನೀನೂ ಬರ್ತೀಯಾ?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿಯಾದರೂ ಹಗುರವಾಗುತ್ತಿದ್ದೆ.

ಮೇಲ್ಮನವಿಗೆ ಒಂದು ತಿಂಗಳ ಅವಕಾಶವಿತ್ತು. ಹೇಳಿಕೆ ಬದಲಿಸುತ್ತೇನೆ ಎಂದು ಹೇಳಲು ಎರಡು ಸಲ ಅವನ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ತಿಂಗಳು ನಿನ್ನೆಗೆ ಮುಗಿಯಿತು.